ಸಂಶೋಧನಾ ಪೇಪರ್ ಕೈಗೆ ಬಂದಾಗ: ಯಾವ ಅಧ್ಯಯನವನ್ನು ಎಷ್ಟು ನಂಬಬೇಕು ಅಂತ ನೋಡುವ ಬಗೆ

2021ರ ಏಪ್ರಿಲ್, ಮೇ ತಿಂಗಳು ನೆನಪಿದೆಯಾ? ಫೋನ್ ತೆಗೆದರೆ ಸಾಕು, ಪ್ಲಾಸ್ಮಾ (ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವಭಾಗ) ಬೇಕು ಅನ್ನುವ ಮೆಸೇಜ್. ಬಿ ಪಾಸಿಟಿವ್, ಅರ್ಜೆಂಟ್, ಆಸ್ಪತ್ರೆ ಹೆಸರು, ರೋಗಿಯ ಮಗನ ನಂಬರ್. ನಾನೂ ಎರಡು ರಾತ್ರಿ ಕೂತು ದಾನಿಗಳನ್ನು ಹುಡುಕಿದ್ದೇನೆ, ಕೋವಿಡ್‌ನಿಂದ ಆಗಷ್ಟೇ ಎದ್ದು ಕೂತವರಿಗೆ ಫೋನ್ ಮಾಡಿ ಬೇಡಿಕೊಂಡಿದ್ದೇನೆ.

ಆದರೆ ಪ್ಲಾಸ್ಮಾದಿಂದ ಉಪಯೋಗ ಇದೆಯಾ ಅನ್ನುವುದಕ್ಕೆ ಅಷ್ಟು ಹೊತ್ತಿಗೆ ಉತ್ತರ ಬಂದು ಆರು ತಿಂಗಳಾಗಿತ್ತು. ಐಸಿಎಂಆರ್ ನಮ್ಮ ದೇಶದ 39 ಆಸ್ಪತ್ರೆಗಳಲ್ಲಿ, 464 ರೋಗಿಗಳ ಮೇಲೆ ನಡೆಸಿದ ಪ್ಲಾಸಿಡ್ ಅನ್ನುವ ಅಧ್ಯಯನ 2020ರ ಅಕ್ಟೋಬರ್‌ನಲ್ಲೇ ಪ್ರಕಟವಾಗಿತ್ತು. ಪ್ಲಾಸ್ಮಾ ಪಡೆದವರಲ್ಲಿ ಶೇ 19 ಮಂದಿಗೆ ಕಾಯಿಲೆ ಉಲ್ಬಣಿಸಿತು ಅಥವಾ ಸಾವು ಬಂತು. ಪಡೆಯದವರಲ್ಲಿ ಶೇ 18. ಅಂದರೆ ಏನೂ ವ್ಯತ್ಯಾಸ ಇಲ್ಲ. ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟಿದ್ದು 2021ರ ಮೇ ತಿಂಗಳಲ್ಲಿ.

ಓಡಾಡಿದ ಮನೆಯವರದ್ದು ಖಂಡಿತ ತಪ್ಪಲ್ಲ. ಅವರ ಮುಂದೆ ಎರಡು ಥರದ ಸಾಕ್ಷ್ಯ ಇತ್ತು. ಒಂದು ಕಡೆ 'ಐದು ಜನಕ್ಕೆ ಕೊಟ್ಟೆವು, ಹುಷಾರಾದರು' ಅನ್ನುವಂಥ ಸಣ್ಣ ವರದಿಗಳು, ಇನ್ನೊಂದು ಕಡೆ ಈ ಅಧ್ಯಯನ. ಎರಡನ್ನೂ ಪಕ್ಕದಲ್ಲಿಟ್ಟು ತೂಗುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಮೆಡಿಕಲ್ ಪಿಜಿ ವಿದ್ಯಾರ್ಥಿಗಳ ಜೊತೆ ಕೂತು ಪೇಪರ್ ಓದಿಸುವ ಕೆಲಸ ಮಾಡುತ್ತೇನೆ. ಅಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡಾಕ್ಟರ್ ಆಗಿರಬೇಕಿಲ್ಲ, ಸ್ಟ್ಯಾಟಿಸ್ಟಿಕ್ಸ್ ಬರಬೇಕಿಲ್ಲ. ತಾಳ್ಮೆ ಇದ್ದರೆ ಸಾಕು.

ಮುಖ್ಯವಾದ ಮಾತು ಇಷ್ಟೇ. ಹಂಚಿನ ಮನೆ ಸೋರುವ ಜಾಗ ಬೇರೆ, ತಾರಸಿ ಮನೆ ಸೋರುವ ಜಾಗ ಬೇರೆ. ಅಧ್ಯಯನಗಳೂ ಹಾಗೆಯೇ. ಆರ್‌ಸಿಟಿ (ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿ ಹಂಚುವ ಅಧ್ಯಯನ) ಅಂದರೆ ಮೇಲು, ಕೇಸ್-ಕಂಟ್ರೋಲ್ (ಕಾಯಿಲೆ ಬಂದವರನ್ನು ಬಾರದವರ ಜೊತೆ ಹೋಲಿಸುವ ಅಧ್ಯಯನ) ಅಂದರೆ ಕೀಳು ಅಂತ ಏಣಿ ಹಾಕಿ ಕೂರಿಸುವುದನ್ನು ಎಲ್ಲರೂ ಕಲಿತಿರುತ್ತಾರೆ, ಆದರೆ ಕೆಟ್ಟದಾಗಿ ಮಾಡಿದ ಆರ್‌ಸಿಟಿಗಿಂತ ಜೋಪಾನವಾಗಿ ಮಾಡಿದ ಕೇಸ್-ಕಂಟ್ರೋಲ್ ಎಷ್ಟೋ ವಾಸಿ. ಈ ಥರದ ಅಧ್ಯಯನ ಸಾಮಾನ್ಯವಾಗಿ ಎಲ್ಲಿ ಸೋರುತ್ತದೆ, ಇವರು ಅಲ್ಲಿ ಏನು ಮಾಡಿದ್ದಾರೆ? ನೋಡಬೇಕಾದ್ದು ಅದನ್ನು.

ಮೊದಲು ಪ್ರಶ್ನೆ, ಆಮೇಲೆ ವಿನ್ಯಾಸ

ಒಂದು ಹಾಳೆ ತೆಗೆದುಕೊಳ್ಳಿ. ನಾಲ್ಕು ಸಾಲು ಬರೆಯಿರಿ: ಯಾರ ಮೇಲೆ ಅಧ್ಯಯನ, ಅವರಿಗೆ ಏನು ಕೊಟ್ಟರು ಅಥವಾ ಅವರಿಗೆ ಏನಿತ್ತು, ಯಾರ ಜೊತೆ ಹೋಲಿಸಿದರು, ಕೊನೆಗೆ ಏನನ್ನು ಅಳೆದರು. ಈ ನಾಲ್ಕರಲ್ಲಿ ಒಂದನ್ನು ಬರೆಯಲು ಆಗದಿದ್ದರೂ ಅದೇ ನಿಮಗೆ ಸಿಕ್ಕ ಮೊದಲ ದೋಷ. ಬಹಳ ಸಲ ಮೂರನೇ ಸಾಲು ಖಾಲಿ ಉಳಿಯುತ್ತದೆ. ಹೋಲಿಕೆಯೇ ಇರುವುದಿಲ್ಲ.

ಆಮೇಲೆ ವಿನ್ಯಾಸ ಯಾವುದು ಅಂತ ನೀವೇ ಕಂಡುಹಿಡಿಯಿರಿ, ಶೀರ್ಷಿಕೆಯನ್ನು ನಂಬಬೇಡಿ. ಯಾರಿಗೆ ಏನು ಅನ್ನುವುದನ್ನು ಸಂಶೋಧಕರೇ ಚೀಟಿ ಎತ್ತಿ ನಿರ್ಧರಿಸಿದರೆ ಅದು ಆರ್‌ಸಿಟಿ. ಅವರು ಏನೂ ಹಂಚದೆ, ಬೀಡಿ ಸೇದುವವರು ಸೇದದವರು ಅಂತ ಗುಂಪು ಮಾಡಿ, ಮುಂದೆ ಯಾರಿಗೆ ಕಾಯಿಲೆ ಬರುತ್ತದೆ ಅಂತ ವರ್ಷಗಟ್ಟಲೆ ನೋಡಿದರೆ ಕೋಹಾರ್ಟ್. ಕಾಯಿಲೆ ಬಂದವರನ್ನೂ ಬಾರದವರನ್ನೂ ಕೂರಿಸಿಕೊಂಡು ಹಿಂದೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರೆ ಕೇಸ್-ಕಂಟ್ರೋಲ್. ಒಂದೇ ಸಲ ಹೋಗಿ ಎಲ್ಲವನ್ನೂ ಅಳೆದು ಬಂದರೆ ಸಮೀಕ್ಷೆ. ಎರಡು ಗುಂಪು ಇದ್ದ ಮಾತ್ರಕ್ಕೆ 'ಕೇಸ್-ಕಂಟ್ರೋಲ್' ಅಂತ ಹೆಸರಿಟ್ಟ ಥೀಸಿಸ್‌ಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಒಳಗೆ ನೋಡಿದರೆ ಅದು ಕೋಹಾರ್ಟ್ ಆಗಿರುತ್ತದೆ, ಇಲ್ಲಾ ಬರೀ ಸಮೀಕ್ಷೆ.

ಓದುವ ಕ್ರಮ ತಿರುಗಿಸಿ

ಸಾರಾಂಶವನ್ನು ಕೊನೆಗೆ ಓದಿ. ಅದು ಲೇಖಕರು ತಮ್ಮ ಕೆಲಸದ ಬಗ್ಗೆ ಹೇಳುವ ಮಾತು, ಅದನ್ನು ಮೊದಲೇ ಓದಿದರೆ ಅವರ ಕಣ್ಣಲ್ಲೇ ಉಳಿದದ್ದೆಲ್ಲ ಕಾಣುತ್ತದೆ. ಮೊದಲು ವಿಧಾನ ಅನ್ನುವ ಭಾಗ, ಆಮೇಲೆ ಮೊದಲ ಕೋಷ್ಟಕ, ಆಮೇಲೆ ಎಷ್ಟು ಜನ ಬಂದರು ಎಷ್ಟು ಜನ ಉಳಿದರು ಅಂತ ತೋರಿಸುವ ಡಬ್ಬಿ-ಬಾಣದ ಚಿತ್ರ. ಆ ಚಿತ್ರ ಇಲ್ಲದಿದ್ದರೆ ನೀವೇ ಬರೆದುಕೊಳ್ಳಿ. ಇಷ್ಟಕ್ಕೆ ಅರ್ಧ ಗಂಟೆ ಬೇಕು.

ಅದಕ್ಕೂ ಮುಂಚೆ ಒಂದು ನಿಮಿಷದ ಕೆಲಸ ಇದೆ. ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್ ವೆಬ್‌ಸೈಟಿನಲ್ಲಿ ಆ ಪೇಪರ್ ಹುಡುಕಿ, ಪ್ರಕಟಿಸಿದ ಪತ್ರಿಕೆ ಅದನ್ನು ವಾಪಸ್ ಪಡೆದಿದೆಯಾ ಅಂತ ನೋಡಿ. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 1998ರ ಪೇಪರ್‌ನಲ್ಲಿ ಇದ್ದದ್ದು 12 ಮಕ್ಕಳು. ಅದನ್ನು ವಾಪಸ್ ಪಡೆದಿದ್ದು 2010ರಲ್ಲಿ. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ಆದರೂ ಆ 12 ಮಕ್ಕಳ ಪೇಪರ್ ಇವತ್ತಿಗೂ ಫಾರ್ವರ್ಡ್ ಆಗುತ್ತಲೇ ಇದೆ, ಅದನ್ನು ಓದಿ ಲಸಿಕೆ ತಪ್ಪಿಸುವ ತಾಯಂದಿರಿದ್ದಾರೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಆರ್‌ಸಿಟಿ: ಚೀಟಿ ಎತ್ತಿದ್ದು ನಿಜವಾ?

1948ರ ಒಂದು ಅಧ್ಯಯನವನ್ನು ಹತ್ತಿರದಿಂದ ನೋಡೋಣ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಮಾಡಿದ್ದು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದಾ ಅಂತ ಪ್ರಶ್ನೆ. ಒಟ್ಟು 107 ರೋಗಿಗಳು. 55 ಜನಕ್ಕೆ ಹಾಸಿಗೆ ವಿಶ್ರಾಂತಿಯ ಜೊತೆ ಔಷಧಿ, 52 ಜನಕ್ಕೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧಿ ಗುಂಪಿನಲ್ಲಿ 4 ಸಾವು, ಇನ್ನೊಂದರಲ್ಲಿ 14.

107 ಜನ ಅಂದರೆ ಚಿಕ್ಕ ಸಂಖ್ಯೆಯೇ. ಆದರೂ ಇದನ್ನು ನಂಬಬಹುದು. ಯಾಕೆ ಅಂದರೆ, ಯಾರು ಯಾವ ಗುಂಪಿಗೆ ಅನ್ನುವುದು ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯಿಂದ ಬಂದಿತ್ತು. ಅದು ಮುಚ್ಚಿ ಸೀಲ್ ಮಾಡಿದ ಲಕೋಟೆಯೊಳಗೆ ಇತ್ತು. ರೋಗಿಯನ್ನು ಅಧ್ಯಯನಕ್ಕೆ ಒಪ್ಪಿಕೊಂಡ ಮೇಲಷ್ಟೇ ಲಕೋಟೆ ಒಡೆಯುತ್ತಿದ್ದರು. ಎಕ್ಸ್-ರೇ ಓದುವವರಿಗೆ ಇದು ಯಾವ ಗುಂಪಿನ ರೋಗಿಯದ್ದು ಅಂತ ಗೊತ್ತಿರಲಿಲ್ಲ. ಕೊನೆಗೆ ಎಣಿಸಿದ್ದು ಸಾವನ್ನು, ಅದರಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಆರ್‌ಸಿಟಿ ಸೋರುವ ಜಾಗಗಳು ಬಹುಮಟ್ಟಿಗೆ ಇವೇ.

ಹಾಗಾಗಿ ಮೊದಲು ಕೇಳಿ: ಹಂಚಿದ್ದು ಹೇಗೆ? ಒಪಿಡಿ ಚೀಟಿಯ ನಂಬರ್ ಸಮ ಇದ್ದರೆ ಒಂದು ಗುಂಪು, ಬೆಸ ಇದ್ದರೆ ಇನ್ನೊಂದು ಅಂತ ಮಾಡಿದರೆ ಅದು ಲಾಟರಿ ಅಲ್ಲ. ಸೋಮವಾರ ಬಂದವರಿಗೆ ಇದು, ಮಂಗಳವಾರ ಬಂದವರಿಗೆ ಅದು ಅನ್ನುವುದೂ ಅಲ್ಲ. ಯಾಕೆಂದರೆ ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾನೆ ಅಂತ ಡಾಕ್ಟರಿಗೆ ಮೊದಲೇ ಗೊತ್ತಾಗುತ್ತದೆ. ಗೊತ್ತಾದರೆ ಮನಸ್ಸು ಕೆಲಸ ಮಾಡುತ್ತದೆ. 'ಪಾಪ, ಈತನಿಗೆ ಜಾಸ್ತಿ ಸೀರಿಯಸ್, ನಾಳೆ ಬರಲಿ' ಅನಿಸುತ್ತದೆ. ಕೆಟ್ಟ ಉದ್ದೇಶವೇ ಬೇಕಾಗಿಲ್ಲ, ಕರುಣೆಯೇ ಅಧ್ಯಯನವನ್ನು ಹಾಳು ಮಾಡಬಲ್ಲದು. ಪೇಪರ್‌ನಲ್ಲಿ ಸುಮ್ನೆ 'ರ‍್ಯಾಂಡಮ್ ಆಗಿ ಹಂಚಲಾಯಿತು' ಅಂತ ಒಂದೇ ಸಾಲು ಇದ್ದರೆ, ಪಟ್ಟಿ ಯಾರು ಮಾಡಿದರು, ಎಲ್ಲಿ ಬಚ್ಚಿಟ್ಟರು ಅಂತ ಹೇಳದಿದ್ದರೆ, ಹಾಳೆಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಎರಡನೆಯದು, ಯಾರಿಗೆ ಗೊತ್ತಿತ್ತು? ರೋಗಿಗೆ, ಡಾಕ್ಟರಿಗೆ, ಅಳೆಯುವವರಿಗೆ, ಈ ಮೂವರನ್ನೂ ಬೇರೆ ಬೇರೆಯಾಗಿ ನೋಡಿ. ಶಸ್ತ್ರಚಿಕಿತ್ಸೆ, ಯೋಗ, ಫಿಸಿಯೋಥೆರಪಿಯಲ್ಲಿ ರೋಗಿಯಿಂದ ಮುಚ್ಚಿಡಲು ಸಾಮಾನ್ಯವಾಗಿ ಆಗುವುದಿಲ್ಲ, ಅದು ತಪ್ಪಲ್ಲ. ಆದರೆ ಅಳೆಯುವವರಿಂದ ಮುಚ್ಚಿಡಬಹುದಿತ್ತಲ್ವಾ? ನೋವು ಎಷ್ಟಿದೆ ಅಂತ ಕೇಳುವ ಅಧ್ಯಯನದಲ್ಲಿ ಇದು ತುಂಬ ಮುಖ್ಯ, ಸಾವನ್ನು ಎಣಿಸುವ ಅಧ್ಯಯನದಲ್ಲಿ ಅಷ್ಟಿಲ್ಲ.

ಮೂರನೆಯದು, ಯಾರು ಕಾಣೆಯಾದರು? ಇದಕ್ಕೆ 2020ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಮಾರ್ಸೇಲ್‌ನಿಂದ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಪೇಪರ್‌ಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಅದು ಚೀಟಿ ಎತ್ತಿದ ಅಧ್ಯಯನವೇ ಅಲ್ಲ, ಆದರೂ ಪ್ರಪಂಚವೆಲ್ಲ ಆ ಮಾತ್ರೆಗೆ ಮುಗಿಬೀಳಲು ಅದು ದೊಡ್ಡ ಕಾರಣವಾಯಿತು. ಮಾತ್ರೆ ಕೊಟ್ಟಿದ್ದು 26 ಜನಕ್ಕೆ. ಲೆಕ್ಕದಲ್ಲಿ ಉಳಿದದ್ದು 20. ಉಳಿದ 6 ಜನ ಏನಾದರು? ಮೂವರು ಐಸಿಯುಗೆ ಹೋದರು. ಒಬ್ಬರು ತೀರಿಕೊಂಡರು. ಒಬ್ಬರು ಆಸ್ಪತ್ರೆ ಬಿಟ್ಟು ಹೋದರು. ಒಬ್ಬರು ವಾಕರಿಕೆ ತಾಳಲಾರದೆ ಮಾತ್ರೆ ನಿಲ್ಲಿಸಿದರು. ನೋಡಿ, ಮಾತ್ರೆಗೆ ವಿರುದ್ಧವಾಗಿ ಸಾಕ್ಷಿ ಹೇಳಬೇಕಾಗಿದ್ದವರೇ ಲೆಕ್ಕದಿಂದ ಹೊರಗೆ ಉಳಿದರು. ಇದೆಲ್ಲ ಆ ಪೇಪರ್‌ನಲ್ಲೇ ಬರೆದಿತ್ತು, ಯಾರೂ ಮುಚ್ಚಿಟ್ಟಿರಲಿಲ್ಲ. ಓದಬೇಕಿತ್ತು ಅಷ್ಟೆ. ಆಮೇಲೆ ಬ್ರಿಟನ್ನಿನ ರಿಕವರಿ ಅಧ್ಯಯನ 1,561 ಜನಕ್ಕೆ ಅದೇ ಔಷಧಿ ಕೊಟ್ಟು, 3,155 ಜನಕ್ಕೆ ಕೊಡದೆ, ಚೀಟಿ ಎತ್ತಿ ನೋಡಿತು. 28 ದಿನದಲ್ಲಿ ಸಾವು ಶೇ 27 ಮತ್ತು ಶೇ 25. ಉಪಯೋಗ ಇಲ್ಲ.

ಒಳ್ಳೆಯ ಆರ್‌ಸಿಟಿಯಲ್ಲಿ, ಚೀಟಿಯಲ್ಲಿ ಯಾವ ಗುಂಪು ಬಂತೋ ಅದೇ ಗುಂಪಿನಲ್ಲಿ ಕೊನೆವರೆಗೂ ಎಣಿಸುತ್ತಾರೆ, ಮಾತ್ರೆ ನುಂಗಲಿ ಬಿಡಲಿ. ಅನ್ಯಾಯ ಅನಿಸಬಹುದು. ಆದರೆ ನಡುವೆ ಬಿಟ್ಟು ಹೋದವರನ್ನು ತೆಗೆದುಹಾಕಿದರೆ ಚೀಟಿ ಎತ್ತಿದ್ದೇ ದಂಡ.

ನಾಲ್ಕನೆಯದು, ಅಳೆದಿದ್ದು ರೋಗಿಗೆ ಬೇಕಾದ್ದನ್ನಾ? ಹೃದಯಾಘಾತದ ನಂತರ ಎದೆಬಡಿತ ತಪ್ಪುವವರಿಗೆ ಸಾವಿನ ಅಪಾಯ ಜಾಸ್ತಿ ಅಂತ ಗೊತ್ತಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಔಷಧಿಗಳು ಆ ಬಡಿತವನ್ನು ಸರಿಪಡಿಸುತ್ತಿದ್ದವು. ಇಸಿಜಿ ಚೆನ್ನಾಗಿ ಕಾಣುತ್ತಿತ್ತು. 1991ರಲ್ಲಿ ಅಮೆರಿಕದ ಕ್ಯಾಸ್ಟ್ ಅಧ್ಯಯನ 1,498 ರೋಗಿಗಳಲ್ಲಿ ಸಾವನ್ನು ಎಣಿಸಿತು. ಔಷಧಿ ಪಡೆದವರಲ್ಲಿ 63, ಪ್ಲಾಸಿಬೊ (ಔಷಧಿ ಇಲ್ಲದ ಹುಸಿ ಮಾತ್ರೆ) ಪಡೆದವರಲ್ಲಿ 26. ಇಸಿಜಿ ನೆಟ್ಟಗಾಯಿತು, ಜನ ಸತ್ತರು. ಅಂದಿನಿಂದ 'ಇಂಥ ಅಂಶ ರಕ್ತದಲ್ಲಿ ಕಡಿಮೆಯಾಯಿತು', 'ಸ್ಕೋರ್ ಸುಧಾರಿಸಿತು' ಅನ್ನುವ ಫಲಿತಾಂಶ ಓದಿದಾಗಲೆಲ್ಲ ನಾನು ಕೇಳುವುದು ಒಂದೇ. ಇದರಿಂದ ಮನುಷ್ಯ ಹೆಚ್ಚು ದಿನ ಬದುಕಿದನಾ, ಅಥವಾ ಚೆನ್ನಾಗಿ ಬದುಕಿದನಾ?

ಐದನೆಯದು, ಮೊದಲು ಹೇಳಿದ್ದನ್ನೇ ಕೊನೆಗೂ ಹೇಳಿದರಾ? ನಮ್ಮ ದೇಶದ ಅಧ್ಯಯನ ಆದರೆ ಚಿಕಿತ್ಸಾ ಅಧ್ಯಯನಗಳನ್ನು ನೋಂದಾಯಿಸುವ ಸಿಟಿಆರ್‌ಐ ವೆಬ್‌ಸೈಟಿಗೆ ಹೋಗಿ. 2007ರ ಜುಲೈನಿಂದ ನಡೆಯುತ್ತಿರುವ ಸಾರ್ವಜನಿಕ ದಾಖಲೆ ಅದು, ಯಾರು ಬೇಕಾದರೂ ನೋಡಬಹುದು. 2018ರ ಏಪ್ರಿಲ್ 1ರಿಂದ, ಮೊದಲ ರೋಗಿ ಸೇರುವ ಮುಂಚೆಯೇ ನೋಂದಾಯಿಸಬೇಕು ಅನ್ನುವ ನಿಯಮ ಇದೆ. ಅಲ್ಲಿ 'ಮುಖ್ಯವಾಗಿ ಇದನ್ನು ಅಳೆಯುತ್ತೇವೆ' ಅಂತ ಬರೆದದ್ದನ್ನೂ ಪೇಪರ್‌ನಲ್ಲಿ ಬಂದದ್ದನ್ನೂ ಪಕ್ಕ ಪಕ್ಕ ಇಡಿ. ಬೇರೆ ಬೇರೆ ಇದ್ದು, ಯಾಕೆ ಬದಲಾಯಿತು ಅಂತ ಕಾರಣ ಕೊಟ್ಟಿಲ್ಲ ಅಂದರೆ, ಬಾಣ ಬಿಟ್ಟ ಮೇಲೆ ಗುರಿ ಬರೆದಿದ್ದಾರೆ ಅಂತ ಅರ್ಥ.

ಉಪಗುಂಪುಗಳ ವಿಷಯಕ್ಕೂ ಇದೇ ಮಾತು. ಹೃದಯಾಘಾತದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆ ಅಂತ 1988ರಲ್ಲಿ ತೋರಿಸಿದ ಐಸಿಸ್-2 ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಹೆಂಗಸರಿಗೆ ಹೇಗೆ, ವಯಸ್ಸಾದವರಿಗೆ ಹೇಗೆ ಅಂತ ಗುಂಪು ಒಡೆದು ತೋರಿಸಿ ಅಂತ ಒತ್ತಾಯ ಬಂತು. ಸಂಶೋಧಕರು ಬೇಕೆಂದೇ ಹುಟ್ಟಿದ ರಾಶಿಯ ಪ್ರಕಾರವೂ ಒಡೆದು ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ತುಸು ಕೆಟ್ಟದ್ದೇ ಆದಂತೆ ಕಂಡಿತು! ಯಾವುದೇ ಅಧ್ಯಯನವನ್ನು ಹನ್ನೆರಡು ತುಂಡು ಮಾಡಿದರೆ ಒಂದೆರಡು ತುಂಡು ಸುಮ್ಮನೆ ಆಕಸ್ಮಿಕವಾಗಿ ಉಲ್ಟಾ ಕಾಣುತ್ತವೆ. 'ಒಟ್ಟಾರೆ ಪರಿಣಾಮ ಕಾಣಲಿಲ್ಲ, ಆದರೆ ನಲವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಗಂಡಸರಲ್ಲಿ ಕಂಡಿತು' ಅಂತ ಯಾರಾದರೂ ಬರೆದರೆ ಮಿಥುನ ರಾಶಿಯನ್ನು ನೆನಪಿಸಿಕೊಳ್ಳಿ.

ಕೋಹಾರ್ಟ್: ಮೊದಲಿಂದಲೇ ಬೇರೆ ಇದ್ದರಾ?

ಎಲ್ಲಕ್ಕೂ ಚೀಟಿ ಎತ್ತಲು ಆಗುವುದಿಲ್ಲ. ಯಾರಿಗಾದರೂ 'ನೀನು ಇಪ್ಪತ್ತು ವರ್ಷ ತಂಬಾಕು ಹಾಕು' ಅಂತ ಹೇಳಲಾದೀತಾ? ಅದಕ್ಕೇ ಕೋಹಾರ್ಟ್ ಬೇಕು. ಆದರೆ ಇಲ್ಲಿ ಜನ ತಾವೇ ಗುಂಪು ಆರಿಸಿಕೊಂಡಿರುತ್ತಾರೆ, ಸೋರುವುದು ಅಲ್ಲೇ.

ಅಮೆರಿಕದಲ್ಲಿ 1976ರಲ್ಲಿ 1,21,700 ನರ್ಸ್‌ಗಳನ್ನು ಸೇರಿಸಿ ಶುರುವಾದ ನರ್ಸಸ್ ಹೆಲ್ತ್ ಸ್ಟಡಿ ಬಹಳ ಒಳ್ಳೆಯ ಕೋಹಾರ್ಟ್. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನಿನ ಮಾತ್ರೆ ತೆಗೆದುಕೊಳ್ಳುವವರಿಗೆ ಹೃದಯದ ಕಾಯಿಲೆ ಸುಮಾರು ಅರ್ಧದಷ್ಟು ಕಡಿಮೆ ಅಂತ 1991ರಲ್ಲಿ ಅದು ಹೇಳಿತು. ಲಕ್ಷಾಂತರ ಹೆಂಗಸರು ನಂಬಿದರು. 2002ರಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ 16,608 ಹೆಂಗಸರಲ್ಲಿ ಚೀಟಿ ಎತ್ತಿ, ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್ ಕೊಟ್ಟು ನೋಡಿದಾಗ ಹೃದಯಕ್ಕೆ ಲಾಭ ಇರಲಿಲ್ಲ, ತೊಂದರೆಯೇ ಜಾಸ್ತಿ. ಅಧ್ಯಯನವನ್ನು ಅವಧಿಗೆ ಮುಂಚೆ ನಿಲ್ಲಿಸಬೇಕಾಯಿತು.

ಏನಾಯಿತು ಇಲ್ಲಿ? ಮಾತ್ರೆ ತೆಗೆದುಕೊಳ್ಳುವ ಹೆಂಗಸು ಡಾಕ್ಟರ ಹತ್ತಿರ ಹೋಗುವವಳು, ದುಡ್ಡಿರುವವಳು, ಆರೋಗ್ಯ ನೋಡಿಕೊಳ್ಳುವವಳು ಆಗಿರುವ ಸಾಧ್ಯತೆ ಜಾಸ್ತಿ ಅನ್ನುವುದು ಒಂದು. ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕೋಹಾರ್ಟ್‌ನಲ್ಲಿ ಲೆಕ್ಕ ಶುರುವಾಗುವಾಗ ಎಷ್ಟೋ ಹೆಂಗಸರು ಆಗಲೇ ಕೆಲವು ವರ್ಷದಿಂದ ಮಾತ್ರೆ ನುಂಗುತ್ತಿದ್ದರು. ಶುರುವಿನ ತಿಂಗಳಲ್ಲೇ ಹೃದಯಾಘಾತ ಆದವರು ಆ ಪಟ್ಟಿಗೆ ಬರಲೇ ಇಲ್ಲ. ಆಮೇಲೆ ಅದೇ ನರ್ಸ್‌ಗಳ ಮಾಹಿತಿಯನ್ನು, ಮಾತ್ರೆ ಶುರು ಮಾಡಿದ ದಿನದಿಂದ ಎಣಿಸಿ ಮರುಲೆಕ್ಕ ಮಾಡಿದಾಗ ಎರಡು ಅಧ್ಯಯನಗಳ ನಡುವಿನ ಅಂತರ ಬಹುಪಾಲು ಕರಗಿಹೋಯಿತು. ಹಾಗಾಗಿ ಕೋಹಾರ್ಟ್ ಓದುವಾಗ ಎರಡು ವಿಷಯ ಬಿಡಬೇಡಿ. ಗುಂಪುಗಳ ನಡುವೆ ಮೊದಲಿಂದಲೇ ಏನೇನು ವ್ಯತ್ಯಾಸ ಇತ್ತು, ಅದನ್ನು ಲೆಕ್ಕದಲ್ಲಿ ಸರಿದೂಗಿಸಿದರಾ? ಮತ್ತೆ, ಗಡಿಯಾರ ಯಾವಾಗ ಶುರುವಾಯಿತು?

ಗಡಿಯಾರದ ಮಾತು ಇನ್ನೊಂದು ಕಲ್ಪಿತ ಉದಾಹರಣೆಯಲ್ಲಿ ಹೇಳುತ್ತೇನೆ. 'ಒಂದು ವರ್ಷ ಪೂರ್ತಿ ವಾಕಿಂಗ್ ಮಾಡಿದವರು ಮಾಡದವರಿಗಿಂತ ಹೆಚ್ಚು ಕಾಲ ಬದುಕಿದರು' ಅಂತ ಒಂದು ಪೇಪರ್ ಹೇಳಿತು ಅನ್ನಿ. ಒಂದು ವರ್ಷ ಪೂರ್ತಿ ವಾಕಿಂಗ್ ಮಾಡಬೇಕಾದರೆ ಒಂದು ವರ್ಷ ಬದುಕಿರಲೇಬೇಕಲ್ವಾ? ಮೂರನೇ ತಿಂಗಳಲ್ಲಿ ತೀರಿಕೊಂಡವರೆಲ್ಲ ತಾನಾಗಿ 'ಮಾಡದವರ' ಪಾಲಿಗೆ ಬೀಳುತ್ತಾರೆ. ಒಮ್ಮೆ ಹೊಳೆದರೆ ಈ ತಪ್ಪು ಎಲ್ಲೆಲ್ಲೂ ಕಾಣುತ್ತದೆ.

ಸಂಖ್ಯೆಯನ್ನು ಹೇಗೆ ಹೇಳುತ್ತಾರೆ ಅನ್ನುವುದನ್ನೂ 2002ರ ಆ ಹಾರ್ಮೋನ್ ಅಧ್ಯಯನದಲ್ಲಿ ನೋಡಿ. 'ಹೃದಯ ಕಾಯಿಲೆ ಶೇ 29 ಜಾಸ್ತಿ' ಅಂತ ಸುದ್ದಿಯಾಯಿತು. ನಿಜವೇ. ಆದರೆ ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 37 ಆಯಿತು ಅಂದರೂ ಹೆಚ್ಚುಕಡಿಮೆ ಅದೇ ಮಾತು (ನೇರವಾಗಿ ಭಾಗಿಸಿದರೆ ಸುಮಾರು ಶೇ 23, ಶೇ 29 ಬಂದದ್ದು ವಯಸ್ಸು ಮೊದಲಾದವನ್ನು ಸರಿದೂಗಿಸಿದ ಲೆಕ್ಕದಿಂದ). ಎರಡನ್ನೂ ಪಕ್ಕದಲ್ಲಿಟ್ಟರೆ ಮಾತ್ರ ಅರ್ಥ ಆಗುತ್ತದೆ. ಪೇಪರ್ ಬರೀ ಶೇಕಡಾ ಹೇಳಿದರೆ, 'ಎಷ್ಟರಲ್ಲಿ ಎಷ್ಟು' ಅಂತ ನೀವೇ ಕೋಷ್ಟಕದಿಂದ ಹೆಕ್ಕಿ. ಪಕ್ಕದಲ್ಲಿರುವ ಅಂದಾಜಿನ ವ್ಯಾಪ್ತಿಯನ್ನೂ ಓದಿ. ಶೇ 29 ಜಾಸ್ತಿ ಅಂದರೆ 1.29 ಪಟ್ಟು, ಅದರ ವ್ಯಾಪ್ತಿ 1.02ರಿಂದ 1.63. ಅಂದರೆ ಅಪಾಯದ ಹೆಚ್ಚಳ ತೀರಾ ಅಲ್ಪವೂ ಇರಬಹುದು, ಒಂದೂವರೆ ಪಟ್ಟಿಗಿಂತ ಮೇಲೂ ಇರಬಹುದು.

ಕೇಸ್-ಕಂಟ್ರೋಲ್: ಹೋಲಿಕೆಯವರು ಎಲ್ಲಿಂದ ಬಂದರು?

1950ರಲ್ಲಿ ಡಾಲ್ ಮತ್ತು ಹಿಲ್ ಅನ್ನುವ ಸಂಶೋಧಕರು ಲಂಡನ್ನಿನ 20 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನವನ್ನು ನಾನು ಪ್ರತಿ ಬ್ಯಾಚಿಗೂ ಓದಿಸುತ್ತೇನೆ. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರು, ಬೇರೆ ಕಾಯಿಲೆಗೆ ಅಡ್ಮಿಟ್ ಆಗಿದ್ದ, ಅದೇ ವಯಸ್ಸಿನ 649 ಗಂಡಸರು. ಯಾವತ್ತೂ ಸಿಗರೇಟು ಸೇದದವರು ಕ್ಯಾನ್ಸರ್ ಗುಂಪಿನಲ್ಲಿ 2, ಇನ್ನೊಂದರಲ್ಲಿ 27.

ಈ ವಿನ್ಯಾಸದ ದೊಡ್ಡ ತೊಂದರೆ ನೆನಪು. ಕ್ಯಾನ್ಸರ್ ಅಂತ ಗೊತ್ತಾದವನು 'ನಾನು ಏನು ತಪ್ಪು ಮಾಡಿದೆ' ಅಂತ ಹಿಂದಿನದ್ದನ್ನೆಲ್ಲ ಕೆದಕುತ್ತಾನೆ, ಕೇಳುವವರೂ ಒಂದೆರಡು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಡಾಲ್ ಮತ್ತು ಹಿಲ್ ಇದನ್ನು ಪರೀಕ್ಷಿಸಿದ ರೀತಿ ಎಷ್ಟು ಚೆನ್ನಾಗಿದೆ ನೋಡಿ. ಕೆಲವು ರೋಗಿಗಳನ್ನು ಶ್ವಾಸಕೋಶದ ಕ್ಯಾನ್ಸರ್ ಅಂದುಕೊಂಡು ಸಂದರ್ಶನ ಮಾಡಿದ್ದರು, ಆಮೇಲೆ ಅದು ಬೇರೆ ಕಾಯಿಲೆ ಅಂತ ಗೊತ್ತಾಯಿತು. ಪ್ರಶ್ನೆ ಕೇಳಿದವರ ಪೂರ್ವಗ್ರಹವೇ ಕಾರಣವಾಗಿದ್ದರೆ ಇವರ ಉತ್ತರವೂ ಕ್ಯಾನ್ಸರ್ ಗುಂಪಿನಂತೆ ಇರಬೇಕಿತ್ತು. ಇರಲಿಲ್ಲ. ಇವರು ಸೇದುತ್ತಿದ್ದದ್ದು ಹೋಲಿಕೆಯ ಗುಂಪಿನಷ್ಟೇ. ತಮ್ಮ ಅಧ್ಯಯನ ಎಲ್ಲಿ ಸೋರಬಹುದು ಅಂತ ತಾವೇ ಹತ್ತಿ ನೋಡುವ ಸಂಶೋಧಕರ ಮೇಲೆ ನನಗೆ ಜಾಸ್ತಿ ನಂಬಿಕೆ.

ಹೋಲಿಕೆಯವರನ್ನು ಆರಿಸಿದ ಬಗೆಯನ್ನು ಹೀಗೆ ಪರೀಕ್ಷಿಸಿ: ಇವರಿಗೇ ಆ ಕಾಯಿಲೆ ಬಂದಿದ್ದರೆ ಇದೇ ಆಸ್ಪತ್ರೆಗೆ ಬರುತ್ತಿದ್ದರಾ? ರೋಗಿಗಳು ಬೀದರ್, ಕಲಬುರಗಿ ಕಡೆಯ ಹಳ್ಳಿಗಳಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬಂದವರು, ಹೋಲಿಕೆಯವರು ಅದೇ ಆಸ್ಪತ್ರೆಯ ನೌಕರರು ಅಂತ ಇದ್ದರೆ ಊಟದಿಂದ ಹಿಡಿದು ದುಡಿಮೆವರೆಗೆ ಎಲ್ಲವೂ ಬೇರೆ. ಅಲ್ಲಿ ಕಾಣುವ ವ್ಯತ್ಯಾಸ ಕಾಯಿಲೆಯದ್ದಾ, ಊರಿನದ್ದಾ?

ಸಮೀಕ್ಷೆ

ಇದಕ್ಕೆ ಎರಡೇ ಮಾತು. ಯಾರನ್ನು ಕೇಳಿದರು, ಎಷ್ಟು ಜನ ಉತ್ತರ ಕೊಟ್ಟರು? 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಲುಪಿದ 6,36,699 ಮನೆಗಳನ್ನು ಹಳ್ಳಿ, ವಾರ್ಡು ಮಟ್ಟದಿಂದ ಹಂತ ಹಂತವಾಗಿ ಲಾಟರಿಯಲ್ಲಿ ಆರಿಸಿದ್ದರು. ವಾಟ್ಸಾಪ್ ಗುಂಪಿಗೆ ಹಾಕಿದ ಗೂಗಲ್ ಫಾರ್ಮ್‌ಗೆ ಹತ್ತು ಸಾವಿರ ಜನ ಉತ್ತರಿಸಿದರೂ ಅದು ಆ ಗುಂಪಿನಲ್ಲಿ ಬಿಡುವಿದ್ದವರ ಮಾತು ಅಷ್ಟೆ. ಮತ್ತೆ, ಒಂದೇ ದಿನ ಎಲ್ಲ ಅಳೆದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ತಿಳಿಯುವುದಿಲ್ಲ. ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ನಿದ್ದೆ ಬಾರದೋ, ನಿದ್ದೆ ಬಾರದ್ದಕ್ಕೆ ಮೊಬೈಲ್ ನೋಡುತ್ತಾರೋ?

ಪರೀಕ್ಷೆಯನ್ನೇ ಪರೀಕ್ಷಿಸುವ ಅಧ್ಯಯನ

ಒಂದು ಕಾಲಕ್ಕೆ ನಮ್ಮ ದೇಶದ ಖಾಸಗಿ ಲ್ಯಾಬುಗಳಲ್ಲಿ ಕ್ಷಯಕ್ಕೆ ರಕ್ತಪರೀಕ್ಷೆ ಮಾಡಿಸುವುದು ಮಾಮೂಲಾಗಿತ್ತು. ಕಿಟ್‌ಗಳ ಪರವಾಗಿ ಪೇಪರ್‌ಗಳೂ ಬೇಕಾದಷ್ಟಿದ್ದವು. ಅವುಗಳ ಗುಣಮಟ್ಟವನ್ನು ಒಟ್ಟಿಗೆ ಅಳೆದು ನೋಡಿದಾಗ ಬಹುತೇಕ ಕಳಪೆ ಅಂತ ಗೊತ್ತಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವನ್ನು ಬಳಸಬೇಡಿ ಅಂದಿತು, 2012ರಲ್ಲಿ ಭಾರತ ನಿಷೇಧಿಸಿತು. ಅಷ್ಟರೊಳಗೆ ಎಷ್ಟು ಜನ ಇಲ್ಲದ ಕ್ಷಯಕ್ಕೆ ತಿಂಗಳುಗಟ್ಟಲೆ ಮಾತ್ರೆ ನುಂಗಿದರೋ.

ಇಂಥ ಅಧ್ಯಯನ ಸೋರುವುದು ಹೀಗೆ. ಕಾಯಿಲೆ ಖಚಿತವಾಗಿರುವವರನ್ನೂ ಗಟ್ಟಿಮುಟ್ಟಾದವರನ್ನೂ ತಂದು ಪರೀಕ್ಷಿಸಿದರೆ ಯಾವ ಕಿಟ್ ಆದರೂ ಚೆನ್ನಾಗಿ ಕಾಣುತ್ತದೆ. ನಿಜವಾದ ಕಷ್ಟ ಇರುವುದು ಎರಡು ವಾರದಿಂದ ಕೆಮ್ಮುತ್ತಾ ಒಪಿಡಿಗೆ ಬಂದವರಲ್ಲಿ ಯಾರಿಗಿದೆ, ಯಾರಿಗಿಲ್ಲ ಅನ್ನುವುದರಲ್ಲಿ. ಅವರನ್ನು ಸಾಲಾಗಿ ಸೇರಿಸಿಕೊಂಡರಾ? ಎಲ್ಲರಿಗೂ ಅದೇ ಖಚಿತ ಪರೀಕ್ಷೆ ಮಾಡಿ ತಾಳೆ ನೋಡಿದರಾ? ಒಂದು ಪರೀಕ್ಷೆಯನ್ನು ಓದುವವರಿಗೆ ಇನ್ನೊಂದು ಪರೀಕ್ಷೆಯ ಫಲಿತಾಂಶ ಮೊದಲೇ ಗೊತ್ತಿತ್ತಾ?

ಇದನ್ನು ಒಮ್ಮೆ ಕೈಯಾರೆ ಲೆಕ್ಕ ಮಾಡಿ. 1,000 ಜನ, ಅವರಲ್ಲಿ 10 ಜನಕ್ಕೆ ಕಾಯಿಲೆ. ಪರೀಕ್ಷೆ ಎರಡೂ ಕಡೆ ಶೇ 90 ಸರಿ ಅಂತಿಟ್ಟುಕೊಳ್ಳಿ. ಕಾಯಿಲೆ ಇರುವ 10ರಲ್ಲಿ 9 ಪಾಸಿಟಿವ್. ಇಲ್ಲದ 990ರಲ್ಲಿ 99 ಪಾಸಿಟಿವ್. ಒಟ್ಟು 108 ಪಾಸಿಟಿವ್ ರಿಪೋರ್ಟ್, ಅದರಲ್ಲಿ ನಿಜವಾದದ್ದು 9 ಮಾತ್ರ.

ಜನರ ಮಾತು ಕೇಳುವ ಅಧ್ಯಯನ

ಸಂದರ್ಶನ ಮಾಡಿ ಬರೆದ ಅಧ್ಯಯನವನ್ನು 'ಬರೀ ಇಪ್ಪತ್ತು ಜನ' ಅಂತ ತಳ್ಳಿಹಾಕಬೇಡಿ, ಅದರ ಅಳತೆಗೋಲೇ ಬೇರೆ. ಯಾರು ಕೇಳಿದರು, ಎಲ್ಲಿ ಕೂತು, ಯಾವ ಭಾಷೆಯಲ್ಲಿ, ಪಕ್ಕದಲ್ಲಿ ಯಾರಿದ್ದರು? ಅತ್ತೆಯ ಎದುರು ಸೊಸೆ ಹೇಳುವ ಮಾತು ಒಂದು, ಹಿತ್ತಲಲ್ಲಿ ಹೇಳುವುದು ಇನ್ನೊಂದು. ತಮ್ಮ ತೀರ್ಮಾನಕ್ಕೆ ಒಗ್ಗದ ಮಾತುಗಳನ್ನೂ ಪೇಪರ್‌ನಲ್ಲಿ ಹಾಕಿದ್ದಾರಾ ಅಂತ ಹುಡುಕಿ.

ಕೇಳುವುದರಿಂದ ಏನಾಗಬಹುದು ಅನ್ನುವುದಕ್ಕೆ ನಮ್ಮದೇ ಉದಾಹರಣೆ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ದರು ಅಂತ ತಿಳಿಯಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಅನ್ನುವ ಮಾತು ಅದರ ಮುಂದೆ ನಿಲ್ಲದೆ ಬಿದ್ದುಹೋಯಿತು. ಬಂದವರನ್ನು ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಿದ್ದ ವ್ಯವಸ್ಥೆಯ ಕಡೆ ಪ್ರಶ್ನೆ ತಿರುಗಿತು.

ಮೆಟಾ ಅನಾಲಿಸಿಸ್: ಕೂಡಿಸಿದ್ದು ಏನನ್ನು?

ಹಲವು ಅಧ್ಯಯನ ಸೇರಿಸಿ ಒಂದು ಉತ್ತರ ಕೊಡುವ ಪೇಪರ್‌ನ್ನು ಏಣಿಯ ತುದಿಯಲ್ಲಿ ಇಡುತ್ತಾರೆ. ಆದರೆ ನೀರು ಸೇರಿಸಿದ ಹಾಲನ್ನು ಹತ್ತು ಮನೆಯಿಂದ ತಂದು ಒಂದೇ ಪಾತ್ರೆಗೆ ಸುರಿದರೆ ಗಟ್ಟಿ ಹಾಲು ಆಗುವುದಿಲ್ಲ.

ಮಕ್ಕಳಿಗೆ ವಿಟಮಿನ್ ಎ ಕೊಟ್ಟರೆ ಸಾವು ಕಡಿಮೆಯಾಗುತ್ತದಾ ಅನ್ನುವ ಪ್ರಶ್ನೆ ತೆಗೆದುಕೊಳ್ಳಿ. 1990ರಲ್ಲಿ ತಮಿಳುನಾಡಿನ ಅಧ್ಯಯನ ಶೇ 54ರಷ್ಟು ಕಡಿಮೆ ಅಂದಿತು. ಅದೇ ವರ್ಷ ಹೈದರಾಬಾದಿನ ಅಧ್ಯಯನಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ತಮಿಳುನಾಡಿನಲ್ಲಿ ವಾರಕ್ಕೊಮ್ಮೆ ಸಣ್ಣ ಪ್ರಮಾಣ, ಹೈದರಾಬಾದಿನಲ್ಲಿ ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣ. ಬೇರೆ ದೇಶಗಳದ್ದನ್ನೂ ಕೂಡಿಸಿದ ಮೆಟಾ ಅನಾಲಿಸಿಸ್‌ಗಳು ಸುಮಾರು ಶೇ 23, 24 ಕಡಿಮೆ ಅಂತ ಹೇಳಿದವು. 2013ರಲ್ಲಿ ಉತ್ತರ ಪ್ರದೇಶದ ಸುಮಾರು ಹತ್ತು ಲಕ್ಷ ಮಕ್ಕಳ ಡೇವ್ಟಾ ಅಧ್ಯಯನ ಹೊರಬಂತು, ಶೇ 4ರಷ್ಟು ಮಾತ್ರ ಕಡಿಮೆ, ಅದೂ ಆಕಸ್ಮಿಕ ಇರಬಹುದಾದಷ್ಟು. ಅದರಲ್ಲಿ ಚೀಟಿ ಎತ್ತಿದ್ದು ಮಕ್ಕಳಿಗಲ್ಲ, 72 ಬ್ಲಾಕ್‌ಗಳಿಗೆ. ಹಾಗಾಗಿ ಹತ್ತು ಲಕ್ಷ ಅಂತ ಬೆರಗಾಗುವ ಮುಂಚೆ 72 ಅನ್ನುವ ಸಂಖ್ಯೆಯನ್ನೂ ನೆನಪಿಡಬೇಕು. ಎಲ್ಲ ಮಕ್ಕಳಿಗೂ ನಿಜವಾಗಿ ಡೋಸ್ ತಲುಪಿತಾ ಅಂತಲೂ ದೊಡ್ಡ ಚರ್ಚೆ ನಡೆಯಿತು.

ಮೆಟಾ ಅನಾಲಿಸಿಸ್‌ನಲ್ಲಿ ಪ್ರತಿ ಅಧ್ಯಯನಕ್ಕೂ ಒಂದು ಗೆರೆ ಹಾಕಿದ ಚಿತ್ರ ಇರುತ್ತದೆ. ಕೊನೆಯಲ್ಲಿ ಒಟ್ಟು ಉತ್ತರ ತೋರಿಸುವ ವಜ್ರದ ಗುರುತನ್ನು ಬಿಟ್ಟು, ಅದರ ಮೇಲಿನ ಒಂದೊಂದೇ ಗೆರೆ ನೋಡಿ. ಗೆರೆಗಳು ಒಂದೇ ಕಡೆ ಇವೆಯಾ, ಚೆಲ್ಲಾಪಿಲ್ಲಿಯಾ? ದೊಡ್ಡ ಅಧ್ಯಯನಗಳು ಹೇಳುವುದನ್ನೇ ಚಿಕ್ಕವೂ ಹೇಳುತ್ತಿವೆಯಾ? ಲಾಭ ತೋರಿಸಿದ ಚಿಕ್ಕ ಅಧ್ಯಯನಗಳಷ್ಟೇ ಇದ್ದರೆ, ಲಾಭ ತೋರಿಸದ ಚಿಕ್ಕವು ಯಾರದೋ ಟೇಬಲ್ ಡ್ರಾಯರ್‌ನಲ್ಲಿ ಉಳಿದಿರುತ್ತವೆ.

ಪಟ್ಟಿಗಳನ್ನು ಬಳಸುವ ಬಗೆ

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ, ಅದಕ್ಕೆ ಸಿದ್ಧ ಪಟ್ಟಿಗಳಿವೆ. ಆರ್‌ಸಿಟಿಗೆ ರಾಬ್-2, ಚೀಟಿ ಎತ್ತದ ಚಿಕಿತ್ಸಾ ಅಧ್ಯಯನಕ್ಕೆ ರಾಬಿನ್ಸ್-ಐ, ಕೋಹಾರ್ಟ್ ಮತ್ತು ಕೇಸ್-ಕಂಟ್ರೋಲ್‌ಗೆ ನ್ಯೂಕ್ಯಾಸಲ್-ಒಟ್ಟಾವ, ರೋಗಪತ್ತೆ ಪರೀಕ್ಷೆಗೆ ಕ್ವಾಡಾಸ್-2, ಮೆಟಾ ಅನಾಲಿಸಿಸ್‌ಗೆ ಆಮ್‌ಸ್ಟಾರ್-2. ಹೊಸದಾಗಿ ಶುರು ಮಾಡುವವರಿಗೆ ಕ್ಯಾಸ್ಪ್ ಪಟ್ಟಿಗಳು ಸುಲಭ, ಸಂದರ್ಶನ ಅಧ್ಯಯನಕ್ಕೂ ಅದರಲ್ಲಿ ಒಂದು ಇದೆ. ಕನ್ಸಾರ್ಟ್, ಸ್ಟ್ರೋಬ್, ಪ್ರಿಸ್ಮಾ ಅನ್ನುವವು ಬೇರೆ. ಅವು ಪೇಪರ್‌ನ್ನು ಹೇಗೆ ಬರೆಯಬೇಕು ಅಂತ ಹೇಳುತ್ತವೆ, ಅಧ್ಯಯನ ಒಳ್ಳೆಯದಾ ಅಂತ ಅಲ್ಲ. ಈ ಎರಡನ್ನು ಬಹಳ ಜನ ಬೆರೆಸಿಬಿಡುತ್ತಾರೆ.

ಅಂಕ ಕೂಡಿಸಿ 'ಹತ್ತಕ್ಕೆ ಎಂಟು, ಒಳ್ಳೆಯ ಅಧ್ಯಯನ' ಅಂತ ಬರೆಯಬೇಡಿ. ಎಂಟು ಕಡೆ ಗಟ್ಟಿಯಾಗಿದ್ದು ಒಂದು ಕಡೆ ಹಂಚೇ ಇಲ್ಲದಿದ್ದರೆ ಮಳೆ ಒಳಗೆ ಬಂದೇ ಬರುತ್ತದೆ. ಪ್ರತಿ ಅಂಶಕ್ಕೂ ಒಂದು ವಾಕ್ಯ ಬರೆಯಿರಿ: ಇಲ್ಲಿ ಏನಾಗಿದೆ, ಅದರಿಂದ ಫಲಿತಾಂಶ ಯಾವ ಕಡೆಗೆ ವಾಲಿರಬಹುದು, ಎಷ್ಟು. ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ದೋಷ ಇರುವುದೇ ಲಾಭವನ್ನು ಕಡಿಮೆ ತೋರಿಸುವ ಕಡೆಗೆ, ಆದರೂ ಲಾಭ ಕಂಡಿದೆ ಅಂದರೆ, ಆ ದೋಷಕ್ಕೆ ಹೆದರಬೇಕಿಲ್ಲ. ಸಾಧ್ಯವಾದರೆ ಇನ್ನೊಬ್ಬರ ಕೈಯಲ್ಲಿ ಬೇರೆಯಾಗಿ ಮಾಡಿಸಿ, ಆಮೇಲೆ ಇಬ್ಬರೂ ಕೂತು ಎಲ್ಲಿ ಭಿನ್ನಾಭಿಪ್ರಾಯ ಬಂತು ಅಂತ ಮಾತಾಡಿ.

ಕೊನೆಯ ಹಂತ: ನಮ್ಮವರಿಗೆ ಹೊಂದುತ್ತದಾ?

ಎಲ್ಲ ಕಡೆ ಗಟ್ಟಿಯಾಗಿರುವ ಅಧ್ಯಯನ ಸಿಕ್ಕಿತು ಅನ್ನಿ. ಇನ್ನೂ ಒಂದು ಪ್ರಶ್ನೆ ಬಾಕಿ. ಬಿಸಿಜಿ ಲಸಿಕೆ ಬ್ರಿಟನ್ನಿನ ಶಾಲಾ ಮಕ್ಕಳಲ್ಲಿ ಕ್ಷಯವನ್ನು ಸುಮಾರು ಶೇ 80ರಷ್ಟು ತಡೆಯಿತು. ಒಳ್ಳೆಯ ಅಧ್ಯಯನ, 1950ರಲ್ಲಿ ಶುರುವಾದದ್ದು. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಲಕ್ಷಾಂತರ ಜನರ ಮೇಲೆ, ಚೀಟಿ ಎತ್ತಿ, ಯಾರಿಗೂ ಗೊತ್ತಾಗದ ಹಾಗೆ ಅದೇ ಲಸಿಕೆಯನ್ನು ಪರೀಕ್ಷಿಸಿದರು. ಹದಿನೈದು ವರ್ಷ ನೋಡಿದರೂ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲ.

ಎರಡೂ ಒಳ್ಳೆಯ ಅಧ್ಯಯನಗಳೇ. ಬದಲಾಗಿದ್ದು ಜನ ಮತ್ತು ಜಾಗ. ನಮ್ಮ ಮಣ್ಣು, ನೀರಿನಲ್ಲಿರುವ ಕ್ಷಯದ ಜಾತಿಯ ಬೇರೆ ಸೂಕ್ಷ್ಮಾಣುಗಳು ಮೊದಲೇ ಮೈಗೆ ತಾಗಿರುವುದು ಇದಕ್ಕೆ ಕಾರಣ ಇರಬಹುದು ಅನ್ನುವ ವಾದ ಇದೆ. ಹಾಗಂತ ಬಿಸಿಜಿ ಬೇಡ ಅಂತ ಅಲ್ಲ. ಎಳೆಮಕ್ಕಳ ಮಿದುಳಿಗೆ ಏರುವ, ಮೈಯೆಲ್ಲ ಹರಡುವ ಕ್ಷಯವನ್ನು ಅದು ತಡೆಯುತ್ತದೆ. ಹುಟ್ಟಿದ ಕೂಡಲೇ ಮಗುವಿನ ಎಡತೋಳಿಗೆ ಆ ಸೂಜಿ ಹಾಕುವುದು ಅದಕ್ಕೇ.